ಸಹಾಯ ಬೇಕು: ಈ 70 ಗ್ರಾಂ ಎಲ್ಲಿಂದ ಬಂತು?

ಎರಡು ದಿನದಿಂದ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಪೂರ್ವಕ್ಕೆ ಚಲಿಸುವ ವಸ್ತುವಿನ ತೂಕ ಸ್ವಲ್ಪ ಇಳಿಯುತ್ತದೆ, ಪಶ್ಚಿಮಕ್ಕೆ ಹೋದರೆ ಏರುತ್ತದೆ. ಇದೇ ಎಟ್ವೆಶ್ ಪರಿಣಾಮ. ಹಂಗೇರಿಯ ಆ ವಿಜ್ಞಾನಿ 1908ರಲ್ಲಿ ಕಪ್ಪು ಸಮುದ್ರದಲ್ಲಿ ಎರಡು ಹಡಗು ಓಡಿಸಿ ಇದನ್ನು ಅಳೆಸಿದ್ದರಂತೆ. ಇಷ್ಟು ಅರ್ಥವಾಯಿತು.

ಮಗಳಿಗೆ ಹೇಳಿಕೊಡಲು ಒಂದು ಲೆಕ್ಕ ಹಾಕಿದೆ. ಸಮಭಾಜಕದ ಮೇಲೆ ವಿಮಾನ, ಸೆಕೆಂಡಿಗೆ 250 ಮೀಟರ್ ವೇಗ, ಒಳಗೆ ತಕ್ಕಡಿ ಮೇಲೆ 70 ಕೆಜಿಯ ನಾನು. (ಎತ್ತರದ ವಿಷಯ ಬಿಟ್ಟುಬಿಡಿ.) ಭೂಮಿಯೇ ಅಲ್ಲಿ ಸೆಕೆಂಡಿಗೆ 465 ಮೀಟರ್ ತಿರುಗುತ್ತದೆ ಅಲ್ವಾ? ಹಾಗಾಗಿ ಪೂರ್ವಕ್ಕೆ 715, ಪಶ್ಚಿಮಕ್ಕೆ 215. ವೇಗದ ವರ್ಗವನ್ನು ಭೂಮಿಯ ತ್ರಿಜ್ಯದಿಂದ ಭಾಗಿಸಿ, ನೆಲದ ಮೇಲೆ ನಿಂತಾಗಿನ ತೂಕಕ್ಕೆ ಹೋಲಿಸಿದೆ. ಪೂರ್ವಕ್ಕೆ ಸುಮಾರು 330 ಗ್ರಾಂ ಕಡಿಮೆ, ಪಶ್ಚಿಮಕ್ಕೆ ಬರೀ 190 ಗ್ರಾಂ ಜಾಸ್ತಿ!

ಕೊರಿಯೋಲಿಸ್ ಸೂತ್ರ (ತಿರುಗುವ ಭೂಮಿಯ ಮೇಲೆ ಚಲಿಸುವ ವಸ್ತುವಿನ ಮೇಲೆ ಕಾಣುವ ಬಲದ್ದು) ಮಾತ್ರ ಹಾಕಿದರೆ ಎರಡೂ ಕಡೆ 260 ಗ್ರಾಂ ಬರುತ್ತದೆ. ಅಂದರೆ ಎರಡು ದಿಕ್ಕಿನಲ್ಲೂ ಸರಿಯಾಗಿ 70 ಗ್ರಾಂ ಕಳೆದುಹೋಗುತ್ತಿದೆ. ಲೆಕ್ಕ ಮೂರು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಮಗಳು ಬೇರೆ ನಗುತ್ತಿದ್ದಾಳೆ.

ಈ 70 ಗ್ರಾಂಗೆ ಭೂಮಿಯ ತಿರುಗುವಿಕೆ ಕಾರಣವೋ, ಅಥವಾ ಭೂಮಿ ತಿರುಗದೇ ನಿಂತಿದ್ದರೂ ವಿಮಾನದಲ್ಲಿ ಇಷ್ಟು ತೂಕ ಇಳಿಯುತ್ತಿತ್ತೋ?