ರೈಲಿನ ಎಸಿ ಬೋಗಿಯಲ್ಲಿ ವೈರ್ ಸುಟ್ಟ ವಾಸನೆ ಬಂದರೆ ಏನು ಮಾಡಬೇಕು?

ಕೇಳಿದವರು:
ಮುಂದಿನ ತಿಂಗಳು ಎಪ್ಪತ್ತು ದಾಟಿದ ತಾಯಿಯವರೊಂದಿಗೆ ಬೆಂಗಳೂರಿನಿಂದ ಪುಣೆಗೆ ತ್ರೀ ಟಯರ್ ಎಸಿಯಲ್ಲಿ ಹೋಗಬೇಕಾಗಿದೆ. ಕಳೆದ ಬಾರಿ ನಡುರಾತ್ರಿ ವೈರ್ ಸುಟ್ಟ ವಾಸನೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆವು. ಬಾಗಿಲ ಪಕ್ಕದ ಬರ್ತ್ ಸುರಕ್ಷಿತವೇ? ಅನುಭವಸ್ಥರು ತಿಳಿಸಬೇಕು.

ಬೋಗಿಗಳ ವಿದ್ಯುತ್ ನಿರ್ವಹಣೆಯಲ್ಲಿದ್ದು ನಿವೃತ್ತರಾದವರು:
ಬಾಗಿಲ ಪಕ್ಕದ ಬರ್ತನ್ನೇ ಹುಡುಕಬೇಕಾಗಿಲ್ಲ. ವಿದ್ಯುತ್ ಸ್ವಿಚ್‌ಬೋರ್ಡಿನ ಕಪಾಟು ಇರುವುದೂ ಬಾಗಿಲ ಹತ್ತಿರವೇ. ಈಗಿನ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳಿಗೆ 750 ವೋಲ್ಟಿನ ಮೂರು ಫೇಸ್ ವಿದ್ಯುತ್ ಹರಿಯುತ್ತದೆ. ಎಲ್ಲೋ ಒಂದು ಜೋಡಣೆ ಸಡಿಲಗೊಂಡು ಕಾದರೆ ತಂತಿಯ ಹೊದಿಕೆ ಕರಗತೊಡಗಿ, ಬೆಂಕಿ ಕಾಣುವುದಕ್ಕೆ ಮೊದಲೇ ಪ್ಲಾಸ್ಟಿಕ್ ಸುಟ್ಟ ವಾಸನೆ ಬರಬಹುದು. ಆ ಅರ್ಧ ಗಂಟೆ ನೀವು ಕಾಯಬಾರದಿತ್ತು. ಕೋಚ್ ಅಟೆಂಡೆಂಟರನ್ನು ಎಬ್ಬಿಸಿ, ಎಸಿ ಮೆಕ್ಯಾನಿಕ್‌ರನ್ನು ಕರೆಸಿ ವಿದ್ಯುತ್ ಕಡಿತಗೊಳಿಸುವಂತೆ ಹೇಳಬೇಕು. ಯಾರೂ ಸಿಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬೇಕು. ಕಪಾಟಿನ ಬಾಗಿಲನ್ನು ನೀವಾಗಿ ತೆರೆಯಬೇಡಿ, ನೀರನ್ನಂತೂ ಎರಚಲೇಬೇಡಿ. ಕಿಡಿ ಸಣ್ಣದಾಗಿದ್ದು ಬೆನ್ನ ಹಿಂದೆ ಹೊರಹೋಗುವ ದಾರಿ ತೆರೆದಿದ್ದರೆ ಮಾತ್ರ ಪುಡಿಯ ಅಗ್ನಿಶಾಮಕದ ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಬಳಸಿ.

ಬ್ರೇಕ್ ಹಾಕಿದಾಗಲೂ ಒಂದು ಕಮಟು ವಾಸನೆ ಒಳಗೆ ಬರುತ್ತದೆ. ಅದು ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ; ಹೋಗದಿದ್ದರೆ ಅದನ್ನೂ ಸಿಬ್ಬಂದಿಗೆ ತಿಳಿಸಿ.

ವಾರಕ್ಕೊಮ್ಮೆ ರಾತ್ರಿ ರೈಲು ಹತ್ತುವವರು:
ನನಗೆ ಬೆಂಕಿಗಿಂತ ಹೊಗೆಯ ಭಯವೇ ಹೆಚ್ಚು. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ನ ಎಸಿ ತ್ರೀ ಟಯರ್ ಬೋಗಿಯು ಅನಂತಪುರ ಜಿಲ್ಲೆಯ ಕೊತ್ತಚೆರುವಿನ ಬಳಿ ಹೊತ್ತಿಕೊಂಡಾಗ 26 ಜನ ಸತ್ತರು, ಅವರಲ್ಲಿ ಅನೇಕರು ಉಸಿರುಕಟ್ಟಿ. ಅದನ್ನು ಓದಿದಂದಿನಿಂದ, ಬರ್ತ್‌ನಿಂದ ಎರಡೂ ಬಾಗಿಲುಗಳಿಗೆ ಎಷ್ಟು ಅಂಕಣಗಳಿವೆ (ಎದುರುಬದುರು ಬರ್ತ್‌ಗಳ ಗುಂಪುಗಳು) ಎಂದು ಕೈಯಿಂದ ಮುಟ್ಟಿ ಎಣಿಸಿಕೊಂಡೇ ಮಲಗುತ್ತೇನೆ. ಸಹಪ್ರಯಾಣಿಕರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ತುರ್ತು ಕಿಟಕಿಯ ಕೆಂಪು ಹಿಡಿ ಎಲ್ಲಿದೆ ಎಂಬುದನ್ನು ಬೆಳಕಿದ್ದಾಗಲೇ ನೋಡಿಕೊಳ್ಳಬೇಕು. ಬಳಸುವ ಬಗೆ ಪಕ್ಕದಲ್ಲೇ ಬರೆದಿರುತ್ತದೆ. ಹೊಗೆ ತುಂಬಿದರೆ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ತಗ್ಗಿ ನಡೆಯಿರಿ, ಸೂಟ್‌ಕೇಸನ್ನು ಮರೆತುಬಿಡಿ.

ಇನ್ನೊಬ್ಬರು:
ಚೈನ್ ಎಳೆಯುವ ಬಗ್ಗೆ ಯಾರೂ ಬರೆದಿಲ್ಲ. ನಿಜವಾಗಿ ಬೆಂಕಿ ಕಂಡರೆ ಎಳೆಯಲೇಬೇಕು, ಏಕೆಂದರೆ ಓಡುವ ರೈಲಿನ ಗಾಳಿ ಬೆಂಕಿಯನ್ನು ಬೆಳೆಸುತ್ತದೆ. ಸೇತುವೆ ಅಥವಾ ಸುರಂಗದಲ್ಲಿದ್ದರೆ ಮಾತ್ರ ಅದನ್ನು ದಾಟುವವರೆಗೆ ತಡೆಯುವುದು ಒಳ್ಳೆಯದು. ಆದರೆ ರೈಲು ನಿಂತ ಮೇಲೆ ಇಳಿಯುವುದರಲ್ಲೂ ಅಪಾಯವಿದೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ, ಬೆಂಕಿ ಬಿದ್ದಿದೆಯೆಂಬ ವದಂತಿಗೆ ಹೆದರಿ ಪುಷ್ಪಕ್ ಎಕ್ಸ್‌ಪ್ರೆಸ್‌ನಿಂದ ಪಕ್ಕದ ಹಳಿಗೆ ಇಳಿದವರ ಮೇಲೆ, ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಹಾದು ಕನಿಷ್ಠ 12 ಜನ ಪ್ರಾಣ ಕಳೆದುಕೊಂಡರು. ಆದ್ದರಿಂದ ಇನ್ನೊಂದು ಹಳಿ ಇಲ್ಲದ ಕಡೆಯ ಬಾಗಿಲಿನಿಂದಲೇ ಇಳಿಯಬೇಕು.

ನಿಮ್ಮ ತಾಯಿಯವರ ವಿಷಯದಲ್ಲಿ ಹೇಳುವುದಾದರೆ, ಪ್ಲಾಟ್‌ಫಾರ್ಮ್ ಇಲ್ಲದ ಕಡೆ ಕೊನೆಯ ಮೆಟ್ಟಿಲಿನಿಂದ ಜಲ್ಲಿಕಲ್ಲಿನ ಮೇಲೆ ಇಳಿಯುವುದು ಅವರಿಗೆ ಕಷ್ಟವಾದೀತು. ಹೊಗೆ ಕಂಡ ಕೂಡಲೇ, ರೈಲು ನಿಲ್ಲುವುದನ್ನು ಕಾಯದೆ, ಅವರನ್ನು ವೆಸ್ಟಿಬ್ಯೂಲ್ (ಎರಡು ಬೋಗಿಗಳ ನಡುವಿನ ದಾರಿ) ಮೂಲಕ ಬೆಂಕಿಗೆ ದೂರವಾದ ಕಡೆಯ ಬೋಗಿಗೆ ದಾಟಿಸಿ, ನಡುವಿನ ಬಾಗಿಲನ್ನು ಬೀಗ ಹಾಕದೆ ಮುಚ್ಚಿ. ಹಿಂದೆ ಬರುವವರಿಗೂ ಅದೇ ದಾರಿ.