ಮನೆ ಕನ್ನಡಿಯಲ್ಲಿ ಮೇಕಪ್ ಸರಿ, ಫೋಟೋದಲ್ಲಿ ಮುಖ ಬೇರೆ ಕತ್ತು ಬೇರೆ. ಲೈಟಿಂದಾನಾ?

ಮೊಗ್ಗಿನಜಡೆ:
ಬಾಡಿಗೆ ಮನೆ, ರೂಮಿಗೆ ಒಂದೇ ಟ್ಯೂಬ್‌ಲೈಟ್. ಬೀರು ಕನ್ನಡಿ ಮುಂದೆ ನಿಂತರೆ ಅದು ಬೆನ್ನ ಹಿಂದೆ ಬರುತ್ತೆ. ಕಳೆದ ವಾರ ಚಿಕ್ಕಪ್ಪನ ಮಗಳ ಮದುವೆ, ಬೆಳಗ್ಗೆ ಆರೂವರೆಗೆ ಮುಹೂರ್ತ, ನಾಲ್ಕಕ್ಕೇ ಎದ್ದು ಮೇಕಪ್ ಮಾಡಿಕೊಂಡೆ. ಛತ್ರದಲ್ಲಿ ಅತ್ತೆ ನೋಡಿದ ಕೂಡಲೇ "ಯಾಕೇ, ಹುಷಾರಿಲ್ವಾ?" ಅಂದರು. ಫೋಟೋದಲ್ಲಿ ಮುಖಕ್ಕೆ ಅಕ್ಕಿಹಿಟ್ಟು ಮೆತ್ತಿದ ಹಾಗಿದೆ. ರಿಂಗ್ ಲೈಟ್ ತಗೊಳ್ಳಲಾ? ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡಲ್ಲ.

ಕಾಡಿಗೆಕಣ್ಣು:
ಬೆಳಕು ಬೆನ್ನಿಗೆ ಬಿದ್ದರೆ ನೀವು ಹಚ್ಚುತ್ತಿರುವುದು ನೆರಳಿನ ಮೇಲೆ, ಕಪ್ಪು ಕಂಡಷ್ಟೂ ಜಾಸ್ತಿ ಬಳೀತೀರಿ ಅಲ್ವಾ. ಹಗಲಾದರೆ ಸುಮ್ನೆ ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ, ನೇರ ಬಿಸಿಲು ಬಂದರೆ ತೆಳು ಬಿಳಿ ಪಂಚೆ ಅಡ್ಡ ಕಟ್ಟಿ. ನಸುಕಿನ ಮದುವೆಗೆ ಕನ್ನಡಿಯ ಎರಡೂ ಪಕ್ಕ, ಮುಖದ ಎತ್ತರಕ್ಕೆ, ಒಂದೊಂದು ಬಲ್ಬ್ ಬೇಕು. ತಲೆ ಮೇಲಿನ ಲೈಟ್ ಒಂದೇ ಆದರೆ ಕಣ್ಣ ಕೆಳಗೆ, ಮೂಗಿನ ಕೆಳಗೆ ನೆರಳು. ಬಲ್ಬಿನ ಡಬ್ಬಿ ಮೇಲೆ 6500ಕೆ ಅಂತಿದ್ದರೆ ನೀಲಿ ಬಿಳುಪು, 3000ಕೆ ಹಳದಿ. 4000ಕೆ ತಗೊಳ್ಳಿ, ಅಂಗಡಿಯಲ್ಲಿ ನ್ಯಾಚುರಲ್ ವೈಟ್ ಅಂತ ಕೇಳಿ. ಇನ್ನೊಂದು, ಸಿಆರ್‌ಐ ನೋಡಿ, ಅಂದರೆ ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನೋ ಅಂಕ, ನೂರಕ್ಕೆ. ಸಾಮಾನ್ಯ ಎಲ್‌ಇಡಿಯಲ್ಲಿ 80ರ ಆಸುಪಾಸು, ಅದರಲ್ಲಿ ಕುಂಕುಮ, ಲಿಪ್‌ಸ್ಟಿಕ್‌ನ ಕೆಂಪು ಮಂಕು ಹೊಡೆಯುತ್ತೆ. 90 ದಾಟಿದ್ದು ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಆದ್ರೂ ಬಿಡಬೇಡಿ.

ಚೌಕಿಪಕ್ಕ:
ನಮ್ಮೂರ ಯಕ್ಷಗಾನದ ಆಟದಲ್ಲಿ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನುಗ್ಗಿ ನೋಡಿದ್ದೇನೆ. ಅಲ್ಲಿ ಕಲಾವಿದರು ನೆಲದ ಮೇಲೆ ಕೂತು, ಅಂಗೈಯಗಲ ಕನ್ನಡಿಯಲ್ಲಿ ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಾರೆ. ಬಲ್ಬ್ ಮಾತ್ರ ಮುಖದ ಮುಂದೆಯೇ ನೇತಾಡುತ್ತಿರುತ್ತೆ, ಹಿಂದೆ ಅಲ್ಲ!

ಸೋಗೆಮನೆ:
ರಿಂಗ್ ಲೈಟ್ ವಿಡಿಯೋ ಮಾಡುವವರಿಗೆ ಸರಿ. ಎದುರಿಂದ ಒಂದೇ ಸಮ ಬೆಳಗಿ ನೆರಳೆಲ್ಲ ಅಳಿಸಿಬಿಡುತ್ತೆ, ದವಡೆ ಹತ್ತಿರ ಮೇಕಪ್ ಮುಗಿಯುವ ಗೆರೆ ಕಾಣೋದೇ ಇಲ್ಲ. ಗೋಡೆ ಬಣ್ಣ ಯಾವುದು? ನಮ್ಮದು ಗಿಳಿಹಸಿರು ಇತ್ತು, ಯಾವ ಬಲ್ಬ್ ಹಾಕಿದರೂ ಮುಖ ಹಸಿರು. ಆ ಕಡೆ ಬಿಳಿ ಬೆಡ್‌ಶೀಟ್ ಇಳಿಬಿಟ್ಟ ಮೇಲೆ ಸರಿಹೋಯಿತು.

ಮೊಗ್ಗಿನಜಡೆ:
ತಮ್ಮನದೊಂದು, ನನ್ನದೊಂದು ಸ್ಟಡಿ ಲ್ಯಾಂಪಿಗೆ 4000ಕೆ ಬಲ್ಬ್ ಹಾಕಿ, ಬೀರಿನ ಎರಡೂ ಪಕ್ಕ ಸ್ಟೂಲ್ ಮೇಲೆ ಪುಸ್ತಕ ಪೇರಿಸಿ ಇಟ್ಟೆ. ಟ್ಯೂಬ್ ಆರಿಸಿ ನೋಡಿದರೆ ಫೌಂಡೇಶನ್ನೇ ನನಗಿಂತ ಎರಡು ಶೇಡ್ ಬಿಳಿ! ಮುಕ್ಕಾಲು ಬಾಟಲಿ ಉಳಿದಿದೆ, ಯಾರಿಗಾದ್ರೂ ಬೇಕಾ?