ಎಪಾಕ್ಸಿ ಫಿಲೆಟ್ ಬೆಳ್ಳಗಾಗದಂತೆ ಮಂದಗೊಳಿಸುವುದು ಹೇಗೆ?

ಪ್ರಶ್ನೆ:
ಮಾನ್ಯರೇ, 4 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಒಂದು ಸಣ್ಣ ಕಯಾಕ್ ಕಟ್ಟುತ್ತಿದ್ದೇನೆ. ಒಳಮೂಲೆಗಳ ಎಪಾಕ್ಸಿ ಫಿಲೆಟ್, ಅಂದರೆ ಹಲಗೆಗಳನ್ನು ಬೆಸೆಯಲು ಮೂಲೆಯುದ್ದಕ್ಕೂ ತುಂಬುವ ಅಂಟಿನ ಪಟ್ಟಿ, ಮರದ ಎಳೆ ಕಾಣುವಷ್ಟು ತಿಳಿಯಾಗಿರಬೇಕೆಂಬುದು ನನ್ನ ಆಸೆ. ತುಂಡು ಹಲಗೆಯ ಮೇಲೆ ಫ್ಯೂಮ್ಡ್ ಸಿಲಿಕಾ (ಅಂಟನ್ನು ಮಂದಗೊಳಿಸುವ ಹುಡಿ) ಬೆರೆಸಿ ನೋಡಿದಾಗ ಮಿಶ್ರಣವು ಹಾಲಿನಂತೆ ಬೆಳ್ಳಗಾಯಿತು. ಸಿಲಿಕಾ ಕಡಿಮೆ ಮಾಡಿದರೆ ಜಾರಿ ಇಳಿಯಿತು. ನನ್ನಲ್ಲಿರುವ ಎಪಾಕ್ಸಿ 5 ಪಾಲು ರೆಸಿನ್‌ಗೆ (ಮೂಲ ಅಂಟು) 1 ಪಾಲು ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಬಗೆಯದು. ಹಾರ್ಡನರ್ ತುಸು ಹೆಚ್ಚಿಸಿದರೆ ಬೇಗ ಬಿಗಿದು ಜಾರುವುದು ನಿಲ್ಲುವುದೇ?

ಉತ್ತರ 1:
ಹಾರ್ಡನರ್ ಹೆಚ್ಚಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ರೆಸಿನ್ ಮತ್ತು ಹಾರ್ಡನರ್ ಎರಡರ ಅಣುಗಳೂ ನಿಗದಿತ ಪ್ರಮಾಣದಲ್ಲಿ ಕೂಡಿಕೊಂಡರೆ ಮಾತ್ರ ಎಪಾಕ್ಸಿ ಪೂರ್ಣ ಗಟ್ಟಿಯಾಗುವುದರಿಂದ, ಮಿಕ್ಕ ಹಾರ್ಡನರ್ ಒಳಗೇ ಉಳಿದು ಫಿಲೆಟ್ಟನ್ನು ದುರ್ಬಲಗೊಳಿಸುತ್ತದೆ. ಮೊದಲು ಇವೆರಡನ್ನೇ, ಬಟ್ಟಲಿನ ತಳ ಮತ್ತು ಅಂಚನ್ನು ಕೆರೆಯುತ್ತ, ಎರಡು ನಿಮಿಷವಾದರೂ ಕಲಸಿ. ಸಿಲಿಕಾ ಸೇರಿಸುವುದು ಆಮೇಲೆ.

ಬಿಳುಪಿಗೆ ಮುಖ್ಯ ಕಾರಣ ಗಾಳಿ. ಸಿಲಿಕಾದ ಹಗುರವಾದ ಹುಡಿ ತನ್ನೊಡನೆ ಬಹಳಷ್ಟು ಗಾಳಿಯನ್ನು ಒಯ್ಯುತ್ತದೆ. ಮಜ್ಜಿಗೆ ಕಡೆದಂತೆ ಕಲಸಿದರೆ ಇನ್ನಷ್ಟು ಗುಳ್ಳೆಗಳು ಸೇರುತ್ತವೆ. ಆದ್ದರಿಂದ ಸ್ವಲ್ಪಸ್ವಲ್ಪವೇ ಹಾಕಿ, ಚಪ್ಪಟೆ ಕಡ್ಡಿಯಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಬೆರೆಸಿ. ಗಾಳಿಯನ್ನೆಲ್ಲ ತೆಗೆದರೂ ಸ್ವಲ್ಪ ಮಸುಕು ಉಳಿಯುತ್ತದೆ, ಏಕೆಂದರೆ ಸಿಲಿಕಾದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಸುಮಾರು 1.46 ಇದ್ದರೆ ಎಪಾಕ್ಸಿಯದು 1.55ರ ಆಸುಪಾಸಿನಲ್ಲಿದೆ. ಫಿಲೆಟ್ ತೆಳುವಾದಷ್ಟೂ ಈ ಮಸುಕು ಕಣ್ಣಿಗೆ ಬೀಳುವುದು ಕಡಿಮೆ. ಹುಡಿ ಹಾರುವುದರಿಂದ ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ.

ಉತ್ತರ 2:
ನಿಜವಾಗಿಯೂ ಗಾಜಿನಂತಿರಬೇಕಾದರೆ ಏನನ್ನೂ ಬೆರೆಸದಿರುವುದೇ ದಾರಿ. ಹೊರಗಿನಿಂದ ಸಂದಿಗೆ ಟೇಪ್ ಅಂಟಿಸಿ, ಆ ಮೂಲೆ ಕಣಿವೆಯಂತೆ ಮೇಲ್ಮುಖವಾಗುವ ಹಾಗೆ ದೋಣಿಯನ್ನು ವಾಲಿಸಿ, ಬರಿಯ ಎಪಾಕ್ಸಿಯನ್ನು ತೆಳುವಾದ ಪದರಗಳಲ್ಲಿ ಸುರಿಯಿರಿ. ಒಮ್ಮೆಗೇ ದಪ್ಪವಾಗಿ ಸುರಿದರೆ ತನ್ನದೇ ಶಾಖದಿಂದ ಕಾದು ನೊರೆಯೇಳುತ್ತದೆ. ನೆಟ್ಟಗಿನ ಮೂಲೆಗಳಿಗೆ ಈ ಉಪಾಯ ಸಾಕು, ಬಾಗಿದ ಚೈನ್‌ಗಳಿಗೆ (ದೋಣಿಯ ತಳ ಮತ್ತು ಪಕ್ಕದ ಹಲಗೆಗಳು ಕೂಡುವ ಅಂಚುಗಳಿಗೆ) ಆಗದು. ಸುರಿದದ್ದೆಲ್ಲ ತಗ್ಗಿಗೆ ಹರಿಯುತ್ತದೆ.

ಉತ್ತರ 3:
ನಾನಾದರೆ ತಿಳಿಯಾದ ಫಿಲೆಟ್‌ನ ಹಂಬಲವನ್ನೇ ಬಿಡುತ್ತಿದ್ದೆ. ಅದೇ ಪ್ಲೈವುಡ್ಡನ್ನು ಉಜ್ಜಿದಾಗ ಬಂದ ನುಣ್ಣನೆಯ ಹುಡಿಯನ್ನು, ಜಾರದಿರಲು ಚಿಟಿಕೆ ಸಿಲಿಕಾದೊಂದಿಗೆ, ಬೆಣ್ಣೆಯ ಹದಕ್ಕೆ ಕಲಸಿ ಹಚ್ಚಿದರೆ ಫಿಲೆಟ್ ಮರದ್ದೇ ಭಾಗದಂತೆ ಕಾಣುತ್ತದೆ. ಎಪಾಕ್ಸಿಯಲ್ಲಿ ಹುಡಿಯ ಬಣ್ಣ ಗಾಢವಾಗುವುದರಿಂದ ಮೊದಲು ತುಂಡಿನ ಮೇಲೆ ನೋಡಿಕೊಳ್ಳಿ. ಯಾವ ಬಗೆಯಾದರೂ ಮೇಲೆ ಯುವಿ (ನೇರಳಾತೀತ) ಕಿರಣ ತಡೆಯುವ ವಾರ್ನಿಷ್ ಬೇಕು, ಇಲ್ಲವಾದರೆ ಬಿಸಿಲಿಗೆ ಹಳದಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕುಳಿತುಕೊಳ್ಳುವ ಜಾಗದ ಮೂಲೆಗಳಿಗೆ ಮರದ ಹುಡಿ, ಡೆಕ್ಕಿನ ಕೆಳಗೆ ಕಾಣದ ಕಡೆ ಬರಿಯ ಸಿಲಿಕಾ ಎಂದು ನಿರ್ಧರಿಸಿದ್ದೇನೆ.